ಮಂಕರಿಯ ಕೆಳಗೆ

ದೆವ್ವಗಿವ್ವ ನಾನು ನಂಬುವವಳಲ್ಲ. ಆದರೆ ಕಣ್ಣಿಗೆ ಕಾಣದ್ದನ್ನು ಹುಡುಕುವುದೇ ನನ್ನ ಕಸುಬು. ಚಿತ್ರದುರ್ಗದ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಉಳಿದ ಹೊತ್ತು ನಮ್ಮ ಗ್ಯಾಲಕ್ಸಿಯನ್ನು ಸುತ್ತುವರಿದ ಬಿಸಿ ಅನಿಲದ ನಕ್ಷೆ ಬಿಡಿಸುತ್ತೇನೆ. ಲಕ್ಷಗಟ್ಟಲೆ ಡಿಗ್ರಿ ಕಾವು, ಆದರೂ ಎಷ್ಟು ತೆಳುವೆಂದರೆ ಎಕ್ಸ್‌-ರೇ ದೂರದರ್ಶಕಕ್ಕೆ ಮಾತ್ರ ಮಂಕಾಗಿ ಕಾಣುತ್ತದೆ. ಅದು ಸಿಗಬೇಕಾದರೆ ಉಪಗ್ರಹದ ಚಿತ್ರದಲ್ಲಿ ಹೊಳೆಯುವ ಬೇರೆ ಚುಕ್ಕಿಗಳನ್ನೆಲ್ಲ ಅಳಿಸಬೇಕು. ಸೂರ್ಯನಿಂದ ಬೀಸುವ ಗಾಳಿಯೂ ಭೂಮಿಯ ಹತ್ತಿರದಲ್ಲೇ ಅಂಥದೇ ಬೆಳಕು ಹುಟ್ಟಿಸಿ ಯಾಮಾರಿಸುತ್ತದೆ. ಅದು ಬೆರೆತ ದಿನದ ಚಿತ್ರವನ್ನು ಮುಲಾಜಿಲ್ಲದೆ ಬಿಸಾಡುತ್ತೇನೆ. ವಿದ್ಯಾರ್ಥಿಗಳು ಬೆನ್ನ ಹಿಂದೆ ಬೈಯುತ್ತಾರೆ, ಬೈಯಲಿ.

ನಕ್ಷೆ ಇನ್ನೇನು ಮುಗಿಯಬೇಕು, ತಾಳ್ಯದಿಂದ ತಂಗಿ ಕೀರ್ತನಾ ಫೋನ್ ಮಾಡಿದಳು.

"ಅಕ್ಕ, ಜ್ವರ ಬಿಡ್ತಾನೇ ಇಲ್ಲ. ಬರ್ತೀಯಾ?"

"ಲೇ, ತಲೆ ತಿನ್ನಬ್ಯಾಡ. ಕೆಲಸ ಐತೆ, ಭಾನುವಾರ ಬರ್ತೀನಿ."

ಶನಿವಾರವೇ ತೀರಿಕೊಂಡಳು. ಅಯ್ಯೋ, ಒಂದೇ ಗಂಟೆಯ ಬಸ್ಸಿನ ದಾರಿ! ನನ್ನ ಜನ್ಮಕ್ಕಿಷ್ಟು.

ತಿಥಿಯ ಹಿಂದಿನ ಸಂಜೆ ನಮ್ಮವ್ವ ಕೆಂಚಕ್ಕ, ತಂಗಿ ಪ್ರಾಣ ಬಿಟ್ಟ ಮೂಲೆಯಲ್ಲಿ ಅಕ್ಕಿಹಿಟ್ಟು ತೆಳ್ಳಗೆ ಹರಡಿ, ಮೇಲೆ ಬಿದಿರಿನ ಮಂಕರಿ ಬೋರಲು ಹಾಕಿದಳು. ಹೋದ ಜೀವ ಮನೆಗೆ ಬಂದು ಹೋದರೆ ಹಿಟ್ಟಿನಲ್ಲಿ ಗುರುತು ಬಿಡುತ್ತದೆಂಬುದು ನಮ್ಮವರ ನಂಬಿಕೆ.

"ಗುರುತು ಬೀಳಲಿಲ್ಲ ಅಂದ್ರೆ ಮುನಿಸ್ಕಂಡು ಹೋಗ್ಯಾಳೆ ಅಂತ ಲೆಕ್ಕ. ಆಮ್ಯಾಕೆ ನಾನೂ ಬದುಕಲ್ಲ" ಎಂದಳು ಅವ್ವ. ಎಷ್ಟು ದಿನವಾಗಿತ್ತೋ ಅವಳು ನೆಟ್ಟಗೆ ಉಂಡು.

"ಇಲಿ ಓಡಾಡಿದ್ರೂ ಗುರುತು ಬೀಳ್ತೈತೆ ಬಿಡವ್ವ" ಎಂದು ರೇಗಿದೆ. ರೇಗಿದ್ದು ಹೆದರಿಕೆಯಿಂದ. ಮುನಿದಿದ್ದರೆ ಅದು ನನ್ನ ಮೇಲೆಯೇ ತಾನೆ?

ಬೆಳಕು ಹರಿಯುವ ಮುನ್ನ ಅವ್ವ ಕುರಿದೊಡ್ಡಿಯ ಕಡೆ ಹೋದಳು. ನಾನು ಮಂಕರಿಯ ಅಂಚೆತ್ತಿ ಮಬ್ಬಿನಲ್ಲೇ ಕೈ ತೂರಿಸಿದೆ. ಗೋಕುಲಾಷ್ಟಮಿಗೆ ಕೃಷ್ಣನ ಪಾದ ಬಿಡಿಸುವ ಹಾಗೆ ಮುಷ್ಟಿಯ ಮಗ್ಗುಲು ಒತ್ತಿ, ಬೆರಳ ತುದಿಯಿಂದ ಐದು ಚುಕ್ಕಿ ಇಟ್ಟೆ. ಬಚ್ಚಲಿಗೆ ಹೋಗಿ ಉಗುರು ತೊಳೆದುಕೊಂಡೆ.

ಅವ್ವ ಬಂದು ಮಂಕರಿ ಎತ್ತಿದಳು. "ಎಳೇ ಕೂಸಿನ ಹೆಜ್ಜೆ! ಬಂದಿದ್ಲು ಕಣೇ ಉಷಾ, ನಮ್ಮ ಮನ್ಯಾಗೇ ಮತ್ತೆ ಹುಟ್ತಾಳೆ." ಆಮೇಲೆ ನನ್ನನ್ನೇ ನೋಡುತ್ತ, "ನೀ ಮುಟ್ಟಿಲ್ಲ ತಾನೆ?" ಎಂದಳು.

"ಇಲ್ಲವ್ವ."

"ಹಂಗಾದ್ರೆ ನಿನ್ನ ಮ್ಯಾಲೂ ಸಿಟ್ಟಿಲ್ಲ ಬಿಡು ಅವಳಿಗೆ." ಕಣ್ಣೊರೆಸಿಕೊಂಡು ಒಳಗೆ ಹೋಗಿ, ತಾನೇ ತಟ್ಟೆ ಹಾಕಿಕೊಂಡು ಉಂಡಳು.

ನಾನು ಹಿಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕುಳಿತೆ. ಈಗ ಬಾಗಿಲಿನಿಂದ ಬಿಸಿಲು ಬಿದ್ದಿತ್ತು. ನಾನು ಒತ್ತಿದ ಹಿಮ್ಮಡಿಯ ಪಕ್ಕದಿಂದ ಇನ್ನೊಂದು ಬಾಗಿದ ಗೀರು ಹೊರಟಿತ್ತು, ಬಲು ತೆಳುವಾದದ್ದು. ಅದರ ಮುಕ್ಕಾಲು ಭಾಗ ನನ್ನ ಮುಷ್ಟಿಯ ಗುರುತಿನಡಿ ಅಳಿಸಿಹೋಗಿತ್ತು. ಇಲಿಯದ್ದಿರಬಹುದು, ನನ್ನ ಕೈಯೇ ಸವರಿರಬಹುದು. ಕೀರ್ತನಾ, ನೀನೇನೇ?

ಕೈ ಊರುವ ಮೊದಲು ನಾನು ನೋಡಿರಲೇ ಇಲ್ಲ.