ಶುಕ್ರವಾರದ ಹಾಳೆ

ಅಮ್ಮನ ಕೂದಲಲ್ಲಿ ಬಾಚಣಿಗೆ ಸಿಕ್ಕಿಕೊಂಡಿತು. ಎಳೆದರೆ ನೋವಾದೀತೆಂದು ಮಗಳ ಕೈ ತಾನಾಗಿ ತಡೆಯಿತು. ಇನ್ನೆಲ್ಲಿಯ ನೋವು ಎಂದು ಹೊಳೆದದ್ದು ಆಮೇಲೆ. ನಿನ್ನೆ ಬೆಳಗ್ಗೆ ತರಗತಿಯಲ್ಲೇ ಕುಸಿದವಳು ಮತ್ತೆ ಏಳಲಿಲ್ಲ.

ನಿವೃತ್ತ ಹೆಡ್‌ಮಾಸ್ಟರು ಬಂದವರಿಗೆಲ್ಲ ಡ್ರಾಯಿಂಗ್ ಟೀಚರಾಗಿದ್ದ ಅಮ್ಮನ ಗುಣಗಾನ ಮಾಡುತ್ತಿದ್ದರು. ಶಿಸ್ತು ಅಂದರೆ ಶಿಸ್ತು, ಇಡೀ ತರಗತಿ ಹೂಜಿ ಬರೆದರೆ ಅಷ್ಟೂ ಹೂಜಿ ಒಂದೇ ಅಚ್ಚು. ಮಗಳು ಕಂಡ ಅಮ್ಮನೂ ಅವಳೇ. ಮಕ್ಕಳು ಬೆನ್ನ ಹಿಂದೆ 'ಸ್ಕೇಲ್ ಟೀಚರ್' ಅನ್ನುತ್ತಿದ್ದರು. ಮಗಳು ಅತ್ತುಕೊಂಡು ಮನೆಗೆ ಬಂದರೂ ಏನಾಯಿತೆಂದು ಕೇಳಿದವಳಲ್ಲ. ಮುಖ ತೊಳೆದುಕೋ, ಅಷ್ಟೇ.

ಗುರುತಿಲ್ಲದ ಹೆಂಗಸೊಬ್ಬಳು ಒಳಗೆ ಬಂದಳು. ಅವಳ ಬಲಗೈಯ ಬೆರಳುಗಳು ಸೊಟ್ಟಗೆ ಕೂಡಿಕೊಂಡಿದ್ದವು. ಹೆಡ್‌ಮಾಸ್ಟರ ಕಣ್ಣು ಆ ಕೈಯ ಮೇಲೆ ಬಿತ್ತು. ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದು ಅಂಗಳಕ್ಕೆ ಹೋದರು. ಹೆಂಗಸು ಮಗಳ ಪಕ್ಕ ಕೂತಳು.

"ನಮ್ ಕಾಲಕ್ಕೆ ಹೂಜಿಗೀಜಿ ಏನೂ ಇರ್ಲಿಲ್ಲ," ಎಂದಳು.

*

ಆಗ ಟೀಚರಿಗೆ ಹೊಸ ಕೆಲಸ. ಶುಕ್ರವಾರ ಬಂತೆಂದರೆ ಬೆಂಚುಗಳನ್ನು ಗೋಡೆಗೆ ಸರಿಸಿ, ನೆಲದ ತುಂಬ ಒಂದೇ ದೊಡ್ಡ ಹಾಳೆ ಹಾಸುತ್ತಿದ್ದರು. ಜಗಳವಾಡಿದವರಿಬ್ಬರಿಗೆ ಒಂದೇ ಬಣ್ಣದ ಡಬ್ಬಿ. ಇನ್ನೊಬ್ಬರ ಚಿತ್ರಕ್ಕೆ ಬ್ರಶ್ಶು ತಾಗಿಸಬೇಕಾದರೆ ಕೇಳಿಯೇ ತಾಗಿಸಬೇಕು. ಕೋಪ ಬಂದವರು ಕೋಪವನ್ನೇ ಬಳಿಯಬಹುದು, ಹೆದರಿದವರು ಹೆದರಿಕೆಯನ್ನು. ಬಯಲಲ್ಲಿ ಹೊಡೆದಾಡುವ ಹುಡುಗರು ಅಲ್ಲಿ ಮಂಡಿಯೂರಿ, ಸ್ವಲ್ಪ ಸರೀತೀಯಾ ಎಂದು ಮೆತ್ತಗೆ ಕೇಳುತ್ತಿದ್ದರು.

ಆಗ ಹುಡುಗಿಯಾಗಿದ್ದ ಈ ಹೆಂಗಸು ಒಂದು ಶುಕ್ರವಾರ ಮನೆ ಬರೆದಳು. ಬಾಗಿಲಿಗೆ ಕಂದು ಬಣ್ಣ ಬಳಿದಳು. ಅದರ ಮೇಲೆ ಮತ್ತೆ, ಮತ್ತೆ, ಹಾಳೆ ನೆಂದು ಹರಿಯುವ ತನಕ. ಟೀಚರ್ ಪಕ್ಕದಲ್ಲಿ ಕೂತು, ಒಳಗೆ ಯಾರಿದ್ದಾರೆ ಎಂದು ಕೇಳಿದರು. ಹುಡುಗಿ ಅಪ್ಪನ ಹೊಡೆತದ ಬಗ್ಗೆ ಅಂದೇ ಮೊದಲು ಬಾಯಿಬಿಟ್ಟಳು.

ಟೀಚರ್ ಹೆಡ್‌ಮಾಸ್ಟರ ಬಳಿ ಓಡಿದರು. ಅವರು ಅಪ್ಪನನ್ನೇ ಕರೆಸಿ, ಕಾಫಿ ಕುಡಿಸಿ, ಬುದ್ಧಿ ಹೇಳಿದರು. ಅಪ್ಪ ಎಲ್ಲಕ್ಕೂ ತಲೆಯಾಡಿಸಿದ. ಸಂಜೆ ಹುಡುಗಿಯ ಬಲಗೈಯನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಹಾಕಿದ.

ಟೀಚರ್ ಆಸ್ಪತ್ರೆಗೆ ಬಂದಾಗ ಹುಡುಗಿ ಗೋಡೆಯ ಕಡೆ ತಿರುಗಿ ಮಲಗಿದಳು. ಎಷ್ಟು ಕರೆದರೂ ಈಚೆ ತಿರುಗಲಿಲ್ಲ.

ಮುಂದಿನ ಶುಕ್ರವಾರ ಹಾಳೆ ಹಾಸಲಿಲ್ಲವಂತೆ. ಬೋರ್ಡಿನ ಮೇಲೆ ಹೂಜಿ ಬಂತಂತೆ.

*

"ಸಿಟ್ಟಿಗೆ ಗೋಡೆ ಕಡೆ ತಿರುಗಿದ್ದಲ್ಲಮ್ಮ ನಾನು," ಎಂದಳು ಹೆಂಗಸು. "ನಾಚಿಕೆ. ಅವರ ಮುಖ ನೋಡೋಕಾಗ್ಲಿಲ್ಲ. ಬಂದು ಹೇಳ್ಬೇಕು, ಹೇಳ್ಬೇಕು ಅಂತಿದ್ದೆ. ಇವತ್ತು ನಾಳೆ ಅಂತ ಹೀಗಾಗೋಯ್ತು."

ಮಗಳು ಬಾಚಣಿಗೆಗೆ ಸಿಕ್ಕಿದ್ದ ಕೂದಲನ್ನು ಒಂದೊಂದಾಗಿ ಬಿಡಿಸಿದಳು. ಚಿಕ್ಕಂದಿನಿಂದ ಹೊಟ್ಟೆಯಲ್ಲಿಟ್ಟುಕೊಂಡ ಸಿಟ್ಟು ಈಗಲೂ ಅಲ್ಲೇ ಇತ್ತು. ಅದು ಯಾರ ಮೇಲೆ ಎಂಬುದು ಮಾತ್ರ ತಿಳಿಯದಾಯಿತು.

"ನನಗ್ಯಾಕೆ ಹೇಳ್ತೀರಿ," ಎಂದಳು ಕಡೆಗೆ. "ಅವಳಿಗೇ ಹೇಳಿ." ಎದ್ದು ಜಾಗ ಬಿಟ್ಟಳು.

ಹೆಂಗಸು ಬಾಗಿ, ಹೆಣದ ಕಿವಿಗೆ ಬಾಯಿ ಹಚ್ಚಿದಳು. ಅದು ಬೇಗ ಮುಗಿಯುವ ಮಾತಾಗಿರಲಿಲ್ಲ. ಹೊತ್ತಾಯಿತೆಂದು ಹೇಳಲು ಒಳಗೆ ಕಾಲಿಟ್ಟ ಶವದ ವ್ಯಾನಿನ ಡ್ರೈವರ್ ಅಲ್ಲೇ ನಿಂತ. ಸದ್ದಾಗದಂತೆ ಹಿಂದೆ ಸರಿದ. ಹೊರಗೆ ಹೋಗಿ ವ್ಯಾನಿನ ಎಂಜಿನ್ ಆರಿಸಿದ.