ಐವತ್ತು ಮೀಟರ್ ಆಚೆ

ನ್ಯಾಯಾಧೀಶೆ ಶಿಕ್ಷೆ ಓದಿ ಮುಗಿಸುವ ಮೊದಲೇ ಅವನ ವಕೀಲರ ಮುಖ ಅರಳಿತ್ತು. ಒಂದು ವರ್ಷ ಜೈಲು, ಆದರೆ ಅದು ಅಮಾನತಿನಲ್ಲಿ. ಇನ್ನೊಮ್ಮೆ ಬಾಲ ಬಿಚ್ಚಿದರೆ ಮಾತ್ರ ಒಳಗೆ. ಮೇಲೆ ದಂಡ. ಅದರ ಮೇಲೆ ಒಂದು ಷರತ್ತು: ಎರಡು ವರ್ಷ ಅವನು ನನ್ನಿಂದ ಐವತ್ತು ಮೀಟರ್ ದೂರ ಇರಬೇಕು. ಈ ಷರತ್ತನ್ನು ತಾವಾಗಿಯೇ ಮುಂದಿಟ್ಟವರು ಅದೇ ವಕೀಲರು. ಜೈಲು ತಪ್ಪಿದರೆ ಸಾಕು ಎಂದು ಅವರು ಆ ದಿನ ಏನು ಕೇಳಿದರೂ ಹೂಂ ಅನ್ನುತ್ತಿದ್ದರು.

ನಾನು ಎದ್ದು ನಿಂತೆ. “ನಾನಿರೋ ಕಡೆ ಅವನು ಬರಬಾರದು, ಸರಿ. ಅವನಿರೋ ಕಡೆ ನಾನೇ ಹೋದ್ರೆ?”

ನ್ಯಾಯಾಧೀಶೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಆಗಲೂ ಎದ್ದು ಹೋಗಬೇಕಾದ್ದು ಅವನೇ. ಅಪರಾಧ ಮಾಡಿದ್ದು ಅವನು, ನೀವಲ್ಲ. ನೀವು ಎಲ್ಲಿ ಬೇಕಾದರೂ ಓಡಾಡಿ.” ಆಮೇಲೆ ವಕೀಲರ ಕಡೆ ತಿರುಗಿದರು. “ಒಪ್ಪಿಗೆ ತಾನೆ?”

ವಕೀಲರು ತಲೆಯಾಡಿಸಿದ ರಭಸಕ್ಕೆ ಅವರ ಕುತ್ತಿಗೆ ಉಳುಕದೆ ಉಳಿದದ್ದೇ ಹೆಚ್ಚು. ನನ್ನ ಪಕ್ಕದಲ್ಲಿ ಕೂತಿದ್ದ ಅತ್ತೆ ನ್ಯಾಯಾಧೀಶೆಯ ಮಾತನ್ನು ಬಾಯೊಳಗೇ ಎರಡು ಸಲ ಹೇಳಿಕೊಂಡರು. ನಾನು ಆಗ ಅದಕ್ಕೆ ಗಮನ ಕೊಡಲಿಲ್ಲ.

ನಾನು ವಾಲಿಬಾಲ್ ರೆಫರಿ. ಸುಮ್ಮನೆ ಹವ್ಯಾಸಕ್ಕಲ್ಲ, ದೊಡ್ಡ ಲೀಗಿನಲ್ಲಿ, ನೆಟ್ಟಿನ ಪಕ್ಕದ ಏಣಿ ಕುರ್ಚಿಯ ಮೇಲೆ ನಿಂತು ಹನ್ನೆರಡು ಜನ ಉದ್ದುದ್ದ ಗಂಡಸರನ್ನು ಒಂದು ವಿಶಲ್ಲಿನಲ್ಲಿ ನಿಲ್ಲಿಸುವವಳು. ಆ ಕುರ್ಚಿ ಹತ್ತಲು ನನಗೆ ಅರ್ಧ ಆಯುಸ್ಸು ಹಿಡಿಯಿತು. ಅವನು ಲೀಗಿನ ಅತಿ ದೊಡ್ಡ ಆಟಗಾರ. ಜನ ಅವನನ್ನು ಸಿಡಿಲು ಎಂದು ಕರೆಯುತ್ತಾರೆ; ಸ್ಮ್ಯಾಶ್ ಹೊಡೆದರೆ ಚೆಂಡು ಬಿದ್ದದ್ದು ಕಾಣುವ ಮೊದಲು ಕೇಳುತ್ತದೆ ಎಂಬ ಕಾರಣಕ್ಕೆ. ಹೋದ ವರ್ಷ ಒಂದು ಪಂದ್ಯದ ಕೊನೆಯ ಅಂಕದಲ್ಲಿ ಅವನ ಮೊಣಕೈ ನೆಟ್ಟಿಗೆ ತಾಗಿತು. ನೆಟ್ಟು ಮುಟ್ಟಿದರೆ ಅಂಕ ಎದುರಾಳಿಗೆ; ನಾನು ವಿಶಲ್ ಊದಿ ಬಲಗೈ ಎತ್ತಿದೆ. ಅವರ ತಂಡ ಸೋತಿತು. ಅಷ್ಟೇ ನಡೆದದ್ದು.

ಪಂದ್ಯ ಮುಗಿದು ಹಾಲಿನ ಹೊರಗೆ ಪಾರ್ಕಿಂಗ್ ಜಾಗದಲ್ಲಿ ನಾನು ಕಾರಿನ ಬಾಗಿಲು ತೆಗೆಯುತ್ತಿದ್ದಾಗ ಅವನು ಹಿಂದಿನಿಂದ ಬಂದು ನನ್ನ ಬಲಗೈ ಹಿಡಿದು ತಿರುಚಿದ. “ಇದೇ ಕೈ ತಾನೆ ಎತ್ತಿದ್ದು?” ಎಂದ. ಮೊಣಕೈ ಮುರಿದ ಸದ್ದು ನನಗೇ ಕೇಳಿಸಿತು. ಅದೇ ಜಾಗದ ಕ್ಯಾಮೆರಾ ಎಲ್ಲವನ್ನೂ ನೋಡಿತ್ತು, ಹಾಗಾಗಿ ಕೋರ್ಟಿನಲ್ಲಿ ಅವನು ಬಾಯಿ ಬಿಡುವಂತಿರಲಿಲ್ಲ.

ಕೋರ್ಟಿನ ಲೆಕ್ಕ ಮುಗಿದ ಮೇಲೆ ಲೀಗಿನ ಲೆಕ್ಕ. ಶಿಸ್ತು ಸಮಿತಿ ಸೇರಿ ಅವನಿಗೆ ಎಂಟು ಪಂದ್ಯಗಳ ನಿಷೇಧ ಹಾಕಿತು. ಎಂಟು! ಬಾಲ್‌ ಒದ್ದು ಜಾಹೀರಾತಿನ ಫಲಕ ಒಡೆದವನೊಬ್ಬನಿಗೆ ಹಿಂದೆ ಐದು ಹಾಕಿದ್ದರು. ಅಂದರೆ ನನ್ನ ಮೊಣಕೈ ಬೆಲೆ ಒಂದೂವರೆ ಫಲಕ. ಹೋಗಲಿ ಎಂದು ಅದನ್ನೂ ನುಂಗಿಕೊಂಡೆ. ಕೈಯ ಪ್ಲಾಸ್ಟರ್ ಬಿಚ್ಚಿದ ದಿನದಿಂದ ಮಹಡಿಯ ಮೇಲೆ ಒದ್ದೆ ಬಟ್ಟೆ ಹರವುತ್ತಾ, ಎತ್ತಲಾಗದ ಕೈಯನ್ನು ಹಲ್ಲು ಕಚ್ಚಿ ಎತ್ತುತ್ತಾ, ಭುಜದ ಸಮಕ್ಕೆ ತಂದೆ, ಆಮೇಲೆ ತಲೆಯ ಮೇಲಕ್ಕೂ ತಂದೆ. ವೈದ್ಯರು ಸೈ ಎಂದ ಮೇಲೆ ಲೀಗಿನ ಕಚೇರಿಗೆ ಹೋದೆ.

ಕಾರ್ಯದರ್ಶಿಗಳು ಕುರ್ಚಿ ಎಳೆದು ಕೂರಿಸಿದರು, ಟೀ ತರಿಸಿದರು. ಅಷ್ಟು ಮರ್ಯಾದೆ ಸಿಕ್ಕಿದಾಗಲೇ ನನಗೆ ವಾಸನೆ ಬಡಿಯಬೇಕಿತ್ತು.

“ಮೇಡಂ, ನಿಮ್ಮನ್ನ ಯಾವ ಪಂದ್ಯಕ್ಕೂ ಹಾಕೋಕೆ ಆಗ್ತಿಲ್ಲ. ಕೋರ್ಟಿನ ಆದೇಶ ಇದೆಯಲ್ಲ? ನೀವಿಬ್ಬರೂ ಐವತ್ತು ಮೀಟರ್ ದೂರ ಇರಬೇಕು. ಅವನ ನಿಷೇಧ ಸೆಮಿಫೈನಲ್ ಹೊತ್ತಿಗೆ ಮುಗಿಯುತ್ತೆ. ಆಮೇಲೆ ಅವನು ಅಭ್ಯಾಸಕ್ಕೆ ಬರ್ತಾನೆ, ಬೇರೆ ತಂಡದ ಆಟ ನೋಡೋಕೆ ಬರ್ತಾನೆ, ನಾವು ಎಲ್ಲಿ ಅಂತ ಅಳತೆ ಪಟ್ಟಿ ಹಿಡ್ಕೊಂಡು ಓಡಾಡೋದು?”

“ದೂರ ಇರಬೇಕಾದ್ದು ಅವನು, ಸಾರ್. ನಾನಲ್ಲ.”

“ಅದು ಕಾಗದದ ಮೇಲೆ.” ಅವರು ಟೀ ಲೋಟ ನನ್ನ ಕಡೆ ಸರಿಸಿದರು. “ಬಿಡಿಸಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವನಿಲ್ಲದೆ ಆಟ ನಡೆಯಲ್ಲ. ಜನ ಬರೋದು ಅವನನ್ನ ನೋಡೋಕೆ. ರೆಫರಿನ ನೋಡೋಕೆ ಯಾರಾದ್ರೂ ಟಿಕೆಟ್ ತಗೋತಾರಾ? ಈ ಎರಡು ವರ್ಷ ಕಳೀಲಿ. ಇಲ್ಲ, ಅವನ ಜೊತೆ ಒಂದ್ಸಲ ಕ್ಯಾಮೆರಾ ಮುಂದೆ ಕೈ ಕುಲುಕಿ, ನಾವೇ ಕೋರ್ಟಿಗೆ ಹೋಗಿ ಆದೇಶ ಸಡಿಲ ಮಾಡಿಸ್ತೀವಿ. ದೊಡ್ಡ ಮನಸ್ಸು ಮಾಡಿ ಹೊಟ್ಟೆಗೆ ಹಾಕ್ಕೊಳ್ಳಿ.”

“ಯಾವ ಕೈ ಕುಲುಕಬೇಕು ಸಾರ್? ಅವನು ಮುರಿದದ್ದಾ, ಇನ್ನೊಂದಾ?”

ಅವರು ಟೀ ಕುಡಿದರು. ನಾನು ಕುಡಿಯಲಿಲ್ಲ. ಲೆಕ್ಕ ಸರಿಯಾಗಿ ಹೇಳುವುದಾದರೆ ಹೀಗಿತ್ತು: ಹೊಡೆದವನಿಗೆ ಎಂಟು ಪಂದ್ಯ, ಹೊಡೆಸಿಕೊಂಡವಳಿಗೆ ಎರಡು ವರ್ಷ. ಎರಡು ವರ್ಷ ಕುರ್ಚಿ ಹತ್ತದ ರೆಫರಿಯನ್ನು ಆಮೇಲೆ ಯಾವ ಲೀಗೂ ಕೂಗಿ ಕರೆಯುವುದಿಲ್ಲ. ಸಿಟ್ಟಿಗೆ ಕಚೇರಿಯ ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಂದೆ.

ಮನೆಯಲ್ಲಿ ಅತ್ತೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ನನ್ನ ಗಂಡ ಹಡಗಿನಲ್ಲಿ ಕೆಲಸ ಮಾಡುವವರು, ವರ್ಷದ ಬಹುಪಾಲು ನೀರಿನ ಮೇಲೆ. ಮನೆಯಲ್ಲಿ ನಾವಿಬ್ಬರೇ. ಅತ್ತೆಗೆ ವಾಲಿಬಾಲಿನ ಹುಚ್ಚು, ಅದರಲ್ಲೂ ಸಿಡಿಲಿನ ಹುಚ್ಚು. ಫ್ರಿಜ್ಜಿನ ಬಾಗಿಲ ಮೇಲೆ ಸ್ವಂತ ಮಗನ ಫೋಟೊ ಇರಲಿಲ್ಲ, ಅವನದಿತ್ತು. ನನ್ನ ಕೈ ಮುರಿದ ದಿನ ಅದನ್ನು ಕಿತ್ತು ಕಸದ ಡಬ್ಬಿಯ ತಳಕ್ಕೆ ಹಾಸಿದರು. ಗಂಟಲಿನ ಆಪರೇಷನ್ ಆದ ಮೇಲೆ ಅವರ ದನಿ ಏಳುವುದಿಲ್ಲ. ನಾನು ಮನೆಯಲ್ಲಿ ಕೂತ ಮೇಲೆ ನನ್ನ ವಿಶಲ್ಲನ್ನು ತಮ್ಮ ಕೊರಳಿಗೆ ಹಾಕಿಕೊಂಡು, ಊಟಕ್ಕೆ ಕರೆಯಲು ಊದತೊಡಗಿದರು. ಮೆಲ್ಲಗೆ ಊದುವುದು ಅವರ ಜಾಯಮಾನದಲ್ಲೇ ಇಲ್ಲ. ಪಕ್ಕದ ಮನೆಯವರೂ ಅದಕ್ಕೇ ಊಟಕ್ಕೆ ಏಳುತ್ತಿದ್ದರು.

ಅಷ್ಟರಲ್ಲಿ ಊರ ತುಂಬ ಪೋಸ್ಟರು. ಸೆಮಿಫೈನಲ್, ಸಿಡಿಲು ಮತ್ತೆ ಬರುತ್ತಿದ್ದಾನೆ. ಬಸ್ಸಿನ ಹಿಂದೆ ಅವನು, ಮೇಲ್ಸೇತುವೆಯ ಕಂಬಕ್ಕೆ ಅವನು, ನಾನು ಹಾಲು ತರುವ ಅಂಗಡಿಯ ಬಾಗಿಲಲ್ಲೂ ಅವನು. ಒಂದು ಸಂಜೆ ಅತ್ತೆ ಹೊರಗಿನಿಂದ ಬಂದು, ಚಪ್ಪಲಿ ಬಿಡುತ್ತಾ, “ಟಿಕೆಟ್ ತಂದೆ ಕಣೇ” ಎಂದರು.

ನನ್ನ ಮೈ ಉರಿದುಹೋಯಿತು. “ಇನ್ನೂ ಅವನ ಹುಚ್ಚು ಬಿಟ್ಟಿಲ್ವಾ ನಿಮಗೆ? ನಾಚಿಕೆ ಆಗಲ್ವಾ ಅತ್ತೆ?”

“ಎರಡು ತಂದಿದೀನಿ. ಇನ್ನೊಂದು ನಿಂಗೆ.”

“ನಾನ್ಯಾಕೆ ಬರಲಿ ಅವನ ಮುಖ ನೋಡೋಕೆ?”

“ಅವನ ಮುಖ ನೋಡೋಕಲ್ಲ, ಬೆನ್ನು ನೋಡೋಕೆ.” ಅತ್ತೆ ತಮ್ಮ ಗೊಗ್ಗರು ದನಿಯಲ್ಲಿ ನ್ಯಾಯಾಧೀಶೆಯ ಮಾತನ್ನು ಕಂಠಪಾಠದಂತೆ ಒಪ್ಪಿಸಿದರು. “ಆಗಲೂ ಎದ್ದು ಹೋಗಬೇಕಾದ್ದು ಅವನೇ. ನೀವು ಎಲ್ಲಿ ಬೇಕಾದರೂ ಓಡಾಡಿ. ಹಂಗಂದ್ರೋ ಇಲ್ವೋ? ರೆಫರಿಯಾಗಿ ಬರಬೇಡ ಅಂದಿದಾರೆ ತಾನೆ, ನೋಡೋಕೆ ಬರಬೇಡ ಅಂದಿಲ್ವಲ್ಲ. ಆ ಹಾಲ್ ಎಷ್ಟು ದೊಡ್ಡದು?”

ನಾನು ಉತ್ತರ ಹೇಳುವ ಮೊದಲೇ ನಗು ಬಂತು. ಅದು ಒಳಾಂಗಣ ಕ್ರೀಡಾಂಗಣ. ಅತಿ ಮೇಲಿನ, ಅತಿ ಹಿಂದಿನ ಬೆಂಚಿನಲ್ಲಿ ಗೋಡೆಗೆ ಅಂಟಿಕೊಂಡು ಕೂತರೂ ನೆಟ್ಟಿಗೆ ನಲವತ್ತು ಮೀಟರ್ ಆಗುವುದಿಲ್ಲ. ಅಷ್ಟು ದೊಡ್ಡ ವಕೀಲರು ಕೋರ್ಟಿನ ಅಂಗಳ ಅಳೆದಿದ್ದರೇ ಹೊರತು ಆಟದ ಅಂಗಳ ಅಳೆದಿರಲಿಲ್ಲ.

ನಾವು ಮೂರನೇ ಸಾಲಿನಲ್ಲಿ ಕೂತೆವು. ಕೆಳಗೆ ಎರಡೂ ತಂಡ ಮೈ ಬಿಸಿ ಮಾಡಿಕೊಳ್ಳುತ್ತಿದ್ದವು. ಅವನು ಜಿಗಿಯುತ್ತಿದ್ದ, ಜನ ಅವನ ಹೆಸರು ಹಿಡಿದು ಕೂಗುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಅವನ ಕೈ ಚೆಂಡಿಗೆ ಬಡಿದಾಗಲೆಲ್ಲ ನನ್ನ ಮೊಣಕೈ ಒಳಗೆ ಚುಳುಕ್ ಎನ್ನುತ್ತಿತ್ತು. ಎದ್ದು ಮನೆಗೆ ಹೋಗಿಬಿಡೋಣ ಅನ್ನಿಸಿತು. ಅತ್ತೆ ನನ್ನ ಮುಖ ನೋಡಿದರು, ಕೊರಳಿನ ವಿಶಲ್ ಬಾಯಿಗಿಟ್ಟರು, ಊಟಕ್ಕೆ ಕರೆಯುವ ಹಾಗೆ ಊದಿದರು.

ಆಟಗಾರರಿಗೆ ವಿಶಲ್ ಕೇಳಿದರೆ ಮೊದಲು ಕಾಲು ನಿಲ್ಲುತ್ತದೆ, ಆಮೇಲೆ ತಲೆ ಓಡುತ್ತದೆ. ಎರಡೂ ಕಡೆಯವರು ಗರ ಬಡಿದವರಂತೆ ನಿಂತರು. ಚೆಂಡುಗಳು ತಮ್ಮಷ್ಟಕ್ಕೆ ಉರುಳಿಕೊಂಡು ಹೋದವು. ಎಲ್ಲರೂ ಸದ್ದು ಬಂದ ಕಡೆ ತಿರುಗಿದರು. ಅವನೂ ತಿರುಗಿದ, ನನ್ನನ್ನು ನೋಡಿದ.

ನಾನು ಬಲಗೈ ಎತ್ತಿದೆ. ನೆಟ್ಟಗೆ, ಪೂರ್ತಿ.

ಬಂದೋಬಸ್ತಿಗೆ ಇದ್ದ ಇನ್‌ಸ್ಪೆಕ್ಟರ್ ಮೆಟ್ಟಿಲು ಹತ್ತಿ ಬಂದರು. ನಾನು ಯಾರೆಂದು ಹೇಳಿ, ಆದೇಶದ ಪ್ರತಿ ಕೊಟ್ಟೆ. ಅವರು ನಿಂತಲ್ಲೇ ಓದಿದರು, ಅಂಗಳ ನೋಡಿದರು, ನನ್ನನ್ನು ನೋಡಿದರು, ಇಳಿದು ಹೋದರು. ಅವನ ವಕೀಲರು ಎಲ್ಲಿಂದಲೋ ಓಡಿ ಬಂದು ಅವರಿಗೆ ಅಡ್ಡ ನಿಂತರು.

“ಇದು ಅನ್ಯಾಯ! ಈಕೆ ಬೇಕಂತಲೇ ಬಂದಿದಾರೆ!”

“ಬೇಕಂತ ಬರಬಾರದು ಅಂತ ಇದರಲ್ಲಿ ಬರೆದಿಲ್ಲ ಸಾರ್,” ಎಂದರು ಇನ್‌ಸ್ಪೆಕ್ಟರ್. “ನಿಮ್ಮ ಹುಡುಗನ್ನ ಕರ್ಕೊಂಡು ಹೊರಡಿ. ಇಲ್ಲಾಂದ್ರೆ ಆ ಒಂದು ವರ್ಷ ನಿಜವಾಗ್ಲೂ ಒಳಗೆ ಕೂರಬೇಕಾಗುತ್ತೆ.”

ಅವನು ಚೆಂಡನ್ನು ನೆಲಕ್ಕೆ ಅಪ್ಪಳಿಸಿದ. ಒಂದು ಹೆಜ್ಜೆ ನನ್ನ ಕಡೆ ಇಟ್ಟ. ಅವನ ಕ್ಯಾಪ್ಟನ್ನೇ ಅವನ ಎದೆಗೆ ಕೈ ಒತ್ತಿ ನಿಲ್ಲಿಸಿದ. ಆಮೇಲೆ ಅತ್ತೆ ಹೇಳಿದಂತೆ ಅವನ ಬೆನ್ನು ಕಂಡಿತು. ಅಗಲವಾದ ಬೆನ್ನು, ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು. ಬಾಗಿಲಾಚೆ ಪಾರ್ಕಿಂಗ್ ಕಡೆ ಹೋಯಿತು.

ಜನ ಸುಮ್ಮನಿರುತ್ತಾರೆಯೇ? “ಹೊರಗೆ ಹೋಗಮ್ಮ!” ಎಂದು ಹಿಂದಿನಿಂದ ಕೂಗಿದರು. ಖಾಲಿ ನೀರಿನ ಬಾಟಲಿಯೊಂದು ನನ್ನ ಭುಜಕ್ಕೆ ಬಡಿಯಿತು. ನಾನು ಕ್ಯಾರೇ ಅನ್ನಲಿಲ್ಲ. ಅತ್ತೆ ಬಾಟಲಿ ಎತ್ತಿಕೊಂಡು, ಎಸೆದವನನ್ನು ಹುಡುಕಿ, ಅವನ ಕೈಗೇ ಕೊಟ್ಟು ಬಂದು ಕೂತರು. ಆಮೇಲೆ ಬ್ಯಾಗಿನಿಂದ ಬಿಸ್ಕತ್ತು ತೆಗೆದರು.

ಆಟ ನಡೆಯಿತು. ಅವನ ಜಾಗಕ್ಕೆ ಇಳಿದವನು ಕಡ್ಡಿಯಂತಹ ಒಬ್ಬ ಬದಲಿ ಆಟಗಾರ. ವರ್ಷವಿಡೀ ಬೆಂಚು ಬಿಸಿ ಮಾಡಿದವನು. ಮೊದಲ ಸೆಟ್ಟು ಸೋತರು. ಎರಡನೆಯದರಲ್ಲಿ ಆ ಕಡ್ಡಿಗೆ ಕಿಡಿ ಹತ್ತಿತು. ಕೊನೆಯ ಸೆಟ್ಟಿಗೆ ಬರುವಷ್ಟರಲ್ಲಿ ನನ್ನನ್ನು ಹೊರಗೆ ಹೋಗೆಂದವರೆಲ್ಲ ಕಡ್ಡಿ, ಕಡ್ಡಿ ಎಂದು ಕುಣಿಯುತ್ತಿದ್ದರು. ಸಿಡಿಲಿನ ತಂಡ ಸಿಡಿಲಿಲ್ಲದೆ ಗೆದ್ದು ಫೈನಲ್ ಸೇರಿತು. ಅವನ ಹೆಸರನ್ನು ಒಬ್ಬರೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಕಾರ್ಯದರ್ಶಿಗಳು ಮನೆ ಬಾಗಿಲಿಗೆ ಬಂದರು. ಈ ಸಲ ಟೀ ನಾನು ಕೊಟ್ಟೆ. ಅವರು ಕುಡಿಯಲಿಲ್ಲ.

“ಇದೆಲ್ಲ ಏನು ಮೇಡಂ? ಲೀಗಿನ ಮಾನ ಬೀದಿಗೆ ಬಂತು.”

“ನನ್ನ ಕೈ ಪಾರ್ಕಿಂಗಲ್ಲಿ ಮುರಿದಾಗ ಮಾನ ಮನೇಲೇ ಇತ್ತಾ ಸಾರ್?”

ಅವರು ಬೆಣ್ಣೆ ಹಚ್ಚಲು ಶುರು ಮಾಡಿದರು. ಮುಂದಿನ ವರ್ಷ ತರಬೇತಿ ಸಮಿತಿಯಲ್ಲಿ ಜಾಗ ಕೊಡುತ್ತಾರಂತೆ. ಶಾಲಾ ಪಂದ್ಯಾವಳಿಗೆ ಮುಖ್ಯ ರೆಫರಿ ಮಾಡುತ್ತಾರಂತೆ. ಫೈನಲ್ಲಿಗೆ ಮಾತ್ರ ನಾನು ದಯವಿಟ್ಟು ಮನೆಯಲ್ಲಿ ಇರಬೇಕಂತೆ.

“ನಾನು ಹಾಲಿಗೆ ಬಂದೇ ಬರ್ತೀನಿ,” ಎಂದೆ. “ಬಂದ್ರೆ ಅವನು ಹೊರಗೆ. ಅದನ್ನ ನೀವೂ ತಪ್ಪಿಸೋಕಾಗಲ್ಲ, ನಾನೂ ತಪ್ಪಿಸಲ್ಲ. ನಾನು ಟಿಕೆಟ್ ತಗೊಂಡು ಮೂರನೇ ಸಾಲಲ್ಲಿ ಕೂರಬೇಕೋ, ನನ್ನ ಕುರ್ಚಿ ಮೇಲೆ ನಿಲ್ಲಬೇಕೋ, ಅಷ್ಟೇ ನಿಮ್ಮ ಕೈಲಿರೋದು.”

ಅವರು ನನ್ನ ಬಲಗೈ ನೋಡಿದರು. “ಕೈ ಪೂರ್ತಿ ಏಳುತ್ತಾ?” ಎಂದು ಕೇಳಿದರು.

“ನಿನ್ನೆ ನೋಡಲಿಲ್ವಾ?” ಎಂದರು ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು.

ಫೈನಲ್ಲಿನ ದಿನ ಹೊರಡುವಾಗ ಅತ್ತೆ ಕೊರಳಿನಿಂದ ವಿಶಲ್ ತೆಗೆದು, ಸೋಪು ಹಾಕಿ ತೊಳೆದು, ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. “ತಗೋ. ಊಟಕ್ಕೆ ಕರೆಯೋಕೆ ನಾನು ತಟ್ಟೆ ಬಡೀತೀನಿ.” ನಾನು ಕಣ್ಣೊರೆಸಿಕೊಂಡೆ. ಅವರು ಅದನ್ನು ನೋಡಿ, “ಅಳಬೇಡ, ಊದೋಕೆ ಉಸಿರು ಸಾಲಲ್ಲ” ಎಂದು ಗದರಿದರು.

ಆಟಕ್ಕೆ ಮೊದಲು ಎರಡೂ ತಂಡದ ಕ್ಯಾಪ್ಟನ್ನರು ಬಂದು ರೆಫರಿಯ ಕೈ ಕುಲುಕಬೇಕು. ಅವನ ತಂಡದ ಕ್ಯಾಪ್ಟನ್ ನನ್ನ ಬಲಗೈಯನ್ನು ಗಾಜಿನ ಸಾಮಾನು ಹಿಡಿದಂತೆ ಮೆಲ್ಲಗೆ ಹಿಡಿದ.

“ಗಟ್ಟಿಯಾಗೇ ಹಿಡಿಯಪ್ಪ,” ಎಂದೆ. “ಇನ್ನು ಮುರಿಯಲ್ಲ.”

ಏಣಿ ಹತ್ತಿದೆ. ಕುರ್ಚಿಯ ಕಂಬಿ ಮೊದಲಿನಷ್ಟೇ ತಣ್ಣಗಿತ್ತು. ಮೂರನೇ ಸಾಲಿನಲ್ಲಿ ಅತ್ತೆ ಒಬ್ಬರೇ, ಪಕ್ಕದ ಸೀಟಿನ ಮೇಲೆ ಬ್ಯಾಗ್ ಇಟ್ಟುಕೊಂಡು ಕೂತಿದ್ದರು. ಹಾಲ್ ಕಿಕ್ಕಿರಿದಿತ್ತು. ಅವನು ಆ ಗದ್ದಲವನ್ನೆಲ್ಲ ಪಾರ್ಕಿಂಗಿನಲ್ಲಿ, ಕಾರಿನ ಗಾಜು ಏರಿಸಿಕೊಂಡು ಕೇಳುತ್ತಿದ್ದಾನೆ ಎಂದು ಯಾರೋ ಹೇಳಿದರು. ಹೋದ ವರ್ಷ ಅವನು ನನ್ನ ಕೈ ಮುರಿದ ಆ ಜಾಗ ಬಾಗಿಲಿನಿಂದ ಐವತ್ತು ಮೀಟರಿಗಿಂತ ಆಚೆಗಿದೆ, ಹಾಗಾಗಿ ಅವನು ಅಲ್ಲಿರಲು ಅಡ್ಡಿಯಿಲ್ಲ.

ನಾನು ಬಲಗೈ ಚಾಚಿ ಸರ್ವ್ ಮಾಡುವವನಿಗೆ ಸನ್ನೆ ಕೊಟ್ಟೆ, ವಿಶಲ್ ಊದಿದೆ.