ಹಾಳೆಯ ಅಂಚಿನ ಮೂರು ಸಾಲು

ಟೋಕಿಯೊದಿಂದ ತಿರುಗಿ ಬಂದ ಚಿತ್ರದ ಹಾಳೆಯ ಅಂಚಿನಲ್ಲಿ ಕೈಬರಹದ ಮೂರು ಸಾಲುಗಳಿದ್ದವು. ಸಿಟಿವೆಸ್ಟ್ ಎಂಬ ಐರಿಷ್ ಊರಿನ ಆ ಆನಿಮೇಷನ್ ಸ್ಟುಡಿಯೋದಲ್ಲಿ ಜಪಾನಿ ಓದಬಲ್ಲವನು ಗುರುದತ್ ಒಬ್ಬನೇ. ಚಿತ್ರ ಬರೆದಿದ್ದ ನಿಸರ್ಗಾ ಅವನ ಮೇಜಿನ ಪಕ್ಕ ನಿಂತು ಕಾಯುತ್ತಿದ್ದಳು.

'ಈ ಕತ್ತಿಯ ಏಟಿಗೆ ಜೀವವಿದೆ. ಬರೆದವರು ಯಾರು? ಮುಂದಿನ ಕಂತಿಗೆ ಅವರೇ ಆನಿಮೇಷನ್ ಡೈರೆಕ್ಟರ್ ಆಗಲಿ' ಎಂದು ಅಲ್ಲಿ ಬರೆದಿತ್ತು.

ಆ ಹುದ್ದೆ ಗುರುದತ್‌ನದು. ಮೈಸೂರಿನಿಂದ ಟೋಕಿಯೊಗೆ ಹೋಗಿ, ಆರು ವರ್ಷ ಬೇರೆಯವರ ಚಿತ್ರಗಳ ನಡುವಿನ ಚಲನೆ ತುಂಬಿ, ಮತ್ತೆಂಟು ವರ್ಷ ಕತ್ತಿವರಸೆ, ಹೊಡೆದಾಟ ಬರೆದು, ಕೊನೆಗೆ ಇಲ್ಲಿ ಉಳಿದವರ ಗೆರೆ ತಿದ್ದುವ ಡೈರೆಕ್ಟರ್ ಆಗಿದ್ದ. ಈಗ ಹೆಬ್ಬೆರಳು ಮರಗಟ್ಟುತ್ತಿತ್ತು. ಎರಡು ವರ್ಷದಿಂದ ಸ್ವಂತದ ಒಂದು ದೃಶ್ಯವನ್ನೂ ಬರೆದಿರಲಿಲ್ಲ.

"ಏನಂತೆ ಸರ್?"

"ಏಟಲ್ಲಿ ಭಾರ ಇಲ್ವಂತೆ. ಇನ್ನೊಂದ್ಸಲ ಬರಿ ಅಂತಿದಾರೆ."

ಅವಳು ತನ್ನ ಜಾಗಕ್ಕೆ ಹೋದಳು. ಬರೆದವಳೇ ಇನ್ನೊಂದು ಅವಕಾಶ ಕೇಳಿಕೊಂಡಿದ್ದಾಳೆಂದು ಗುರುದತ್ ಟೋಕಿಯೊಗೆ ಬರೆದ.

ಒಂಬತ್ತು ದಿನ ಬರೆದಳು. ಪ್ರತಿ ಮಧ್ಯಾಹ್ನ ಅವನು ಪಕ್ಕದಲ್ಲಿ ಕೂತು, ಭುಜ ಇಳಿಸು, ಕಾಲು ಅಗಲಿಸು, ಗೆರೆ ದಪ್ಪ ಮಾಡು ಎಂದು ತಾಳ್ಮೆಯಿಂದ ಹೇಳಿಕೊಟ್ಟ. ಹೇಳಿದ್ದನ್ನೆಲ್ಲ ಮಾಡಿದಳು. ನಾಲ್ಕನೆಯ ಸಲಕ್ಕೆ ಅವಳ ಕತ್ತಿ ಹಿಡಿದ ಹುಡುಗಿ ಬಟ್ಟೆ ಅಂಗಡಿಯ ಗೊಂಬೆಯ ಹಾಗೆ ನಿಂತಿದ್ದಳು. ಗುರುದತ್‌ಗೆ ಅದು ಕಂಡಿತು. ಅಷ್ಟು ಕಣ್ಣು ಅವನಿಗೆ ಇನ್ನೂ ಇತ್ತು. ಬಹಳ ಚೆನ್ನಾಗಿದೆ ಎಂದು ಹೇಳಿ ಅದನ್ನು ಟೋಕಿಯೊಗೆ ಕಳಿಸಿಬಿಟ್ಟ.

ಮರುದಿನವೇ ಉತ್ತರ ಬಂತು. ಮೊದಲಿನದನ್ನೇ ಬಳಸುತ್ತೇವೆ, ಡೈರೆಕ್ಟರ್ ಆಗಿ ನೀವೇ ಮುಂದುವರಿಯಿರಿ ಎಂದಿದ್ದರು. ಕೊನೆಯ ಸಾಲನ್ನು ಮಾತ್ರ, ಏನೂ ಬದಲಿಸದೆ, ಅವನು ನಿಸರ್ಗಾಳಿಗೆ ಓದಿ ಹೇಳಿದ.

"ಒಳ್ಳೇ ಗೆರೆ ಯಾವ್ದು ಅಂತ ನಿಂಗೆ ತಿಳಿಯಲ್ವಂತೆ."

ಅವಳು ಸ್ವಲ್ಪ ಹೊತ್ತು ಆ ಅಕ್ಷರಗಳನ್ನೇ ನೋಡಿದಳು. ಶುಕ್ರವಾರ ರಾಜೀನಾಮೆ ಕೊಟ್ಟು ಅವನ ಹತ್ತಿರ ಬಂದಳು.

"ನೀವಾದ್ರೂ ನಿಜ ಹೇಳಿದ್ರಿ ಸರ್. ಬೇರೆಯವ್ರೆಲ್ಲಾ ಏನ್ ಬರೆದ್ರೂ ಗ್ರ್ಯಾಂಡ್, ಗ್ರ್ಯಾಂಡ್ ಅಂತಲೇ ಇದ್ರು."

ಎಲ್ಲಿದ್ದರೂ ಬರೆಯುವುದನ್ನು ಬಿಡಬೇಡ ಎಂದು ಅವನು ಹೇಳಿದ.

ದೇಶದ ಇನ್ನೊಂದು ಬದಿಯ ಸ್ಲೈಗೋ ಊರಿನ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ಅಣ್ಣ ಭಾಸ್ಕರನ ಮನೆ ಸೇರಿದಳು. ಪೆನ್ಸಿಲ್ ಮುಟ್ಟಲಿಲ್ಲ. ಅವಳ ಮೊದಲ ಚಿತ್ರಗಳಿದ್ದ ಕಂತು ಬಂದ ಭಾನುವಾರ ಅಣ್ಣನ ಮಗಳು ಪ್ರೇರಣಾ ಟೀವಿ ಹಾಕಿದಳು. ನಿಸರ್ಗಾ ಒಗೆದ ಬಟ್ಟೆಯ ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋದಳು.

"ಅತ್ತೆ, ಕಮ್ ಹಿಯರ್! ದಿಸ್ ಫೈಟ್ ಈಸ್ ಕ್ಲಾಸ್!" ಎಂದು ಹುಡುಗಿ ಹಿಗ್ಗಿನಲ್ಲಿ ಒಳಗಿಂದ ಕರೆದಳು.

ಗಾಳಿ ಜೋರಾಗಿತ್ತು. ಒದ್ದೆ ಹೊದಿಕೆಯ ಒಂದು ತುದಿಗೆ ಕ್ಲಿಪ್ಪು ಹಾಕಿ, ಇನ್ನೊಂದು ತುದಿಯನ್ನು ಹಿಡಿಯಲು ಅವಳು ಕೈ ಚಾಚುತ್ತಿದ್ದಳು.